ಫೋನ್ ಮನೆಯಲ್ಲಿ, ಕಾರು ಬೀದಿಯಲ್ಲಿ

2024ರ ನವೆಂಬರ್ 20ರಂದು ಮಹಾರಾಷ್ಟ್ರ ವಿಧಾನಸಭೆಗೆ ಮತದಾನ ನಡೆದಾಗ ಮುಂಬಯಿಯ ಮತದಾರರಿಗೆ ಒಂದು ಪೇಚಾಟವಿತ್ತು. ಮತಗಟ್ಟೆಯಿಂದ ನೂರು ಮೀಟರ್ ಒಳಗೆ ಮೊಬೈಲ್ ಒಯ್ಯುವಂತಿರಲಿಲ್ಲ. ಈ ನಿಯಮವನ್ನು ಪ್ರಶ್ನಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ ಮತದಾನಕ್ಕೆ ಕೆಲವೇ ದಿನ ಮೊದಲು ವಜಾ ಮಾಡಿತ್ತು. ಮತಗಟ್ಟೆಯ ಹೊರಗೆ ಮೊಬೈಲ್ ಇಟ್ಟುಹೋಗಲು ಏರ್ಪಾಟು ಮಾಡುವುದಾಗಿ ಚುನಾವಣಾ ಆಯೋಗ ಪ್ರಕಟಿಸಿದ್ದು ಆಮೇಲೆ, 2025ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಇದ್ದದ್ದು ಎರಡೇ ದಾರಿ: ಫೋನನ್ನು ಮನೆಯಲ್ಲಿ ಬಿಡಬೇಕು, ಇಲ್ಲವೇ ಕಾರಿನಲ್ಲಿ ಬಿಡಬೇಕು. ಆ ಫೋನೇ ಕಾರಿನ ಚಾವಿಯೂ ಆಗಿದ್ದರೆ ಎರಡೂ ದಾರಿ ಮುಚ್ಚಿದ ಹಾಗೆ.

ಚುನಾವಣೆ ಐದು ವರ್ಷಕ್ಕೊಮ್ಮೆ ಬರುವ ಮಾತಾಯಿತು. ಆದರೆ ಈ ಊರಿನಲ್ಲಿ ಫೋನಿಲ್ಲದೆ ಕಾರಿನ ಬಳಿ ಬಂದು ನಿಲ್ಲುವ ಸಂದರ್ಭ ದಿನಾ ಬೆಳಗ್ಗೆ ಯಾರಿಗಾದರೂ ಬರುತ್ತಲೇ ಇರುತ್ತದೆ. ಶಿವಾಜಿ ಪಾರ್ಕಿನ ಈಜುಕೊಳಕ್ಕೆ ಹೋಗುವವರು, ಮರೀನ್ ಡ್ರೈವ್‌ನಲ್ಲಿ ಚಡ್ಡಿ-ಬನಿಯನ್ನಿನಲ್ಲಿ ಓಡುವವರು, ಗೇಟಿನಲ್ಲೇ ಮೊಬೈಲ್ ತೆಗೆದಿಡಿಸುವ ಕಚೇರಿಗಳಲ್ಲಿ ದುಡಿಯುವವರು. ಇನ್ನು ಲೋಕಲ್ ರೈಲಿನ ಬಾಗಿಲಲ್ಲಿ ನಿಂತವರ ಕೈಗೆ ಕೋಲಿನಿಂದ ಹೊಡೆದು ಮೊಬೈಲ್ ಬೀಳಿಸುವ ‘ಫಟಕಾ ಗ್ಯಾಂಗ್’ ಎಂಬುದೊಂದಿದೆ. ಅವರ ಕೈಗೆ ಸಿಕ್ಕಿದರೆ ಫೋನಿನ ಜೊತೆಗೆ ರೈಲು ನಿಲ್ದಾಣದ ಹೊರಗೆ ನಿಲ್ಲಿಸಿದ ಕಾರೂ ಕೈಬಿಟ್ಟಂತೆ. ಫೋನಿನಿಂದ ಕಾರು ತೆರೆಯುವ ಸೌಕರ್ಯವನ್ನು ಕಂಪನಿಗಳು ಎಷ್ಟೇ ಹೊಗಳಲಿ, ಫೋನಿಲ್ಲದ ಇನ್ನೊಂದು ದಾರಿ ಗೊತ್ತಿರಲೇಬೇಕು.

ದಾರಿಗಳು ಹಲವು ಇವೆ. ಅವುಗಳನ್ನು ತೂಗಿ ನೋಡುವ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಈಗಿನ ಕಾರಿನಲ್ಲಿ ಬಾಗಿಲು ತೆರೆಯುವುದು ಒಂದು ಅನುಮತಿ, ಎಂಜಿನ್ ಅಥವಾ ಮೋಟಾರ್ ಚಾಲೂ ಆಗುವುದು ಬೇರೆಯೇ ಅನುಮತಿ. ಹಿಂದಿನ ಎಷ್ಟೋ ಕಾರುಗಳಲ್ಲಿ ಒಂದೇ ಚಾವಿ ಎರಡನ್ನೂ ಮಾಡುತ್ತಿತ್ತು. ಈಗ ಒಂದು ವಿಧಾನ ಬಾಗಿಲು ತೆರೆದು ಅಲ್ಲೇ ಕೈ ಚೆಲ್ಲಬಹುದು. ಇಮೊಬಿಲೈಸರ್ ಎಂಬ ಒಳಗಿನ ಕಾವಲು ತನಗೆ ಪರಿಚಯವಿರುವ ಚಿಪ್ಪನ್ನು ಕಾಣದೆ ಗಾಡಿಯನ್ನು ಹಂದಾಡಲು ಬಿಡುವುದಿಲ್ಲ. ಆದ್ದರಿಂದ ಯಾವ ವಿಧಾನವನ್ನೇ ಮಾರಾಟಗಾರ ತೋರಿಸಲಿ, ಕೇಳಬೇಕಾದ ಪ್ರಶ್ನೆ ಮೂರು: ಇದು ಬಾಗಿಲು ಮಾತ್ರ ತೆರೆಯುತ್ತದೆಯೋ, ಗಾಡಿಯನ್ನೂ ಚಾಲೂ ಮಾಡುತ್ತದೆಯೋ? ಇದು ಕೆಲಸ ಮಾಡಲು ಯಾವ ಬ್ಯಾಟರಿ ಜೀವಂತ ಇರಬೇಕು? ಅದು ಸತ್ತ ದಿನ ಏನು ಮಾಡಬೇಕು?

ಜೇಬಿನೊಳಗಿನ ಮಾತುಕತೆ

ಎಲ್ಲರಿಗೂ ಪರಿಚಿತವಾದ ಸ್ಮಾರ್ಟ್ ಕೀಯಿಂದಲೇ ಶುರು ಮಾಡೋಣ. ಜೇಬಿನಲ್ಲಿ ಇಟ್ಟುಕೊಂಡು ಹೋಗಿ ಬಾಗಿಲಿನ ಹಿಡಿಯ ಮೇಲಿನ ಗುಂಡಿ ಒತ್ತಿದರೆ ಕಾರು ತೆರೆದುಕೊಳ್ಳುತ್ತದೆ. ಆ ಒಂದು ಕ್ಷಣದಲ್ಲಿ ನಡೆಯುವುದು ಎರಡು ಬೇರೆ ಬೇರೆ ರೇಡಿಯೊಗಳ ಸಂಭಾಷಣೆ. ಹಿಡಿಯಲ್ಲಿ ಅಡಗಿದ ಸುರುಳಿ ಸುಮಾರು 125 ಕಿಲೊಹರ್ಟ್ಸ್‌ನ ಕಡಿಮೆ ಆವರ್ತನದ ಸಂಕೇತದಲ್ಲಿ ಒಂದು ಪ್ರಶ್ನೆ ಕೇಳುತ್ತದೆ. ಆ ಪ್ರಶ್ನೆ ಪ್ರತಿ ಸಲವೂ ಹೊಸದು, ಹಿಂದೆಂದೂ ಕೇಳದ ಒಂದು ಸಂಖ್ಯೆ. ಕೀಯೊಳಗಿನ ಚಿಪ್ ತನ್ನ ಗುಟ್ಟಿನ ಸಂಖ್ಯೆಯನ್ನು ಬೆರೆಸಿ ಲೆಕ್ಕ ಹಾಕಿ, ಉತ್ತರವನ್ನು 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಹಿಂದಕ್ಕೆ ಕಳಿಸುತ್ತದೆ. ಕಾರೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಗುಟ್ಟಿನ ಸಂಖ್ಯೆ ಗಾಳಿಯಲ್ಲಿ ಹೋಗುವುದೇ ಇಲ್ಲ. ಹಾಗಾಗಿ ಕದ್ದು ಕೇಳಿದವನಿಗೆ ಸಿಗುವುದು ಈ ಒಂದು ಸಲಕ್ಕೆ ಮಾತ್ರ ಸರಿಹೋಗುವ ಉತ್ತರ.

ಪ್ರಶ್ನೆಗೆ ಅಷ್ಟು ಕಡಿಮೆ ಆವರ್ತನ ಏಕೆ? 125 ಕಿಲೊಹರ್ಟ್ಸ್ ಅಲೆಯ ಉದ್ದ 2,400 ಮೀಟರ್. ಒಂದೆರಡು ಮೀಟರ್ ದೂರದಲ್ಲಿ ಅದು ರೇಡಿಯೊ ಅಲೆಯಂತೆ ವರ್ತಿಸುವುದಿಲ್ಲ, ಬರಿಯ ಆಯಸ್ಕಾಂತ ಕ್ಷೇತ್ರದಂತೆ ಇರುತ್ತದೆ, ದೂರ ಹೆಚ್ಚಿದಂತೆ ಘನದ ಲೆಕ್ಕದಲ್ಲಿ ಕುಗ್ಗುತ್ತದೆ. ದೂರ ಎರಡರಷ್ಟಾದರೆ ಬಲ ಎಂಟನೆಯ ಒಂದು ಪಾಲು. ಬಾಗಿಲಿನಿಂದ ಒಂದೂವರೆ ಮೀಟರ್ ಆಚೆ ಕೀಗೆ ಪ್ರಶ್ನೆ ಕೇಳಿಸುವುದೇ ಇಲ್ಲ. ಕೀ ಹತ್ತಿರದಲ್ಲಿದೆ ಎಂಬುದಕ್ಕೆ ಕಾರಿನ ಬಳಿಯಿರುವ ಸಾಕ್ಷಿ ಇದೊಂದೇ. ಕೀ ಕಾರಿನ ಒಳಗಿದೆಯೋ ಹೊರಗಿದೆಯೋ ಎಂಬುದನ್ನೂ ಕಾರು ಬೇರೆ ಬೇರೆ ಸುರುಳಿಗಳ ಬಲ ಅಳೆದೇ ತಿಳಿಯುತ್ತದೆ. ಕೀಯನ್ನು ಸೀಟಿನ ಮೇಲೆ ಮರೆತು ಬಾಗಿಲು ಹಾಕಲು ಹೋದರೆ ಕೀಂ ಕೀಂ ಎಂದು ತಕರಾರು ಮಾಡುವುದು ಅದಕ್ಕೇ.

ಈ ಸಾಕ್ಷಿಯನ್ನೇ ತಿರುಚಬಹುದು ಎಂದು ಜ್ಯೂರಿಚ್‌ನ ಇಟಿಎಚ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು 2011ರಲ್ಲಿ ತೋರಿಸಿದರು. ಒಬ್ಬ ಕಾರಿನ ಬಳಿ ಒಂದು ಆಂಟೆನಾ ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬ ಮಾಲೀಕನ ಹತ್ತಿರ. ಕಾರಿನ ಪ್ರಶ್ನೆಯನ್ನು ಇವನು ಅವನಿಗೆ ದಾಟಿಸುತ್ತಾನೆ, ಕೀ ಪ್ರಾಮಾಣಿಕವಾಗಿ ಉತ್ತರ ಕೊಡುತ್ತದೆ. ಇಲ್ಲಿ ಯಾವ ಗುಟ್ಟೂ ಒಡೆದಿಲ್ಲ. ದೂರವನ್ನು ಮಾತ್ರ ಸುಳ್ಳು ಮಾಡಲಾಗಿದೆ. ಆ ಸಂಶೋಧಕರು ಪರೀಕ್ಷಿಸಿದ್ದು ಎಂಟು ಕಂಪನಿಗಳ ಹತ್ತು ಮಾದರಿಗಳನ್ನು. 2017ರಲ್ಲಿ ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು ಬಿಡುಗಡೆ ಮಾಡಿದ ಸಿಸಿಟಿವಿ ದೃಶ್ಯದಲ್ಲಿ ಇಬ್ಬರು ಕಳ್ಳರು ಇದೇ ರೀತಿ, ಮನೆಯೊಳಗಿದ್ದ ಕೀಯ ಸಂಕೇತ ಹಿಡಿದು, ಅಂಗಳದ ಮರ್ಸಿಡಿಸ್ ಓಡಿಸಿಕೊಂಡು ಹೋದರು.

ಮುಂಬಯಿಯ ಇಪ್ಪತ್ತನೆಯ ಮಹಡಿಯಲ್ಲಿ ಮಲಗಿದವರಿಗೆ ಇದರಿಂದ ಅಷ್ಟು ಭಯವಿಲ್ಲ. ಕೀಗೂ ಪಾರ್ಕಿಂಗ್‌ಗೂ ನಡುವೆ ಅಷ್ಟೊಂದು ಕಾಂಕ್ರೀಟ್ ಇರುತ್ತದೆ. ನೆಲಮಹಡಿಯ ಮನೆ, ಬಂಗಲೆ, ಚಾಳಿನ ಎದುರಿಗೇ ಕಾರು ನಿಲ್ಲಿಸುವವರು ಎಚ್ಚರ ವಹಿಸಬೇಕು. ಲೋಹದ ಬಲೆಯ ಪದರವಿರುವ ಸಣ್ಣ ಚೀಲ ಸಿಗುತ್ತದೆ, ಅದರೊಳಗಿಟ್ಟ ಕೀ ಕಿವುಡಾಗುತ್ತದೆ. ಕೊಂಡ ಮೇಲೆ ಚೀಲದಲ್ಲಿ ಕೀ ಹಾಕಿ ಕಾರಿನ ಹಿಡಿ ಮುಟ್ಟಿ ನೋಡಿ. ತೆರೆದರೆ ಚೀಲವನ್ನು ಹಿಂದಕ್ಕೆ ಕೊಡಿ. ಟೊಯೊಟಾದ ಹಲವು ಮಾದರಿಗಳಲ್ಲಿ ಲಾಕ್ ಗುಂಡಿಯನ್ನು ಒತ್ತಿ ಹಿಡಿದು ಅನ್‌ಲಾಕ್ ಗುಂಡಿಯನ್ನು ಎರಡು ಸಲ ಒತ್ತಿದರೆ ಕೀ ನಿದ್ದೆಗೆ ಜಾರುತ್ತದೆ, ದೀಪ ನಾಲ್ಕು ಸಲ ಮಿನುಗಿ ಒಪ್ಪಿಗೆ ಹೇಳುತ್ತದೆ. ಹೊಸ ದುಬಾರಿ ಕಾರುಗಳಲ್ಲಿ ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ರೇಡಿಯೊ ಬಂದಿದೆ. ಅದು ಬಲ ಅಳೆಯುವುದಿಲ್ಲ, ಉತ್ತರ ಬರಲು ಹಿಡಿದ ಹೊತ್ತು ಅಳೆಯುತ್ತದೆ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಚಲಿಸುವುದು ಮೂವತ್ತು ಸೆಂಟಿಮೀಟರ್. ಮಧ್ಯವರ್ತಿ ಎಷ್ಟೇ ಚುರುಕಾಗಿದ್ದರೂ ದಾರಿ ಉದ್ದವಾದದ್ದು ಲೆಕ್ಕಕ್ಕೆ ಸಿಕ್ಕಿಬೀಳುತ್ತದೆ.

ಸೆಲ್ ಸತ್ತಾಗ

ಸ್ಮಾರ್ಟ್ ಕೀಯ ನಿಜವಾದ ತೊಂದರೆ ಕಳ್ಳನಲ್ಲ, ನಾಣ್ಯದಷ್ಟು ದೊಡ್ಡ ಸೆಲ್. ಹೆಚ್ಚಿನವುಗಳಲ್ಲಿ ಇರುವುದು ಸಿಆರ್2032, ನೂರು ರೂಪಾಯಿಯೊಳಗೆ ಎಲ್ಲೆಡೆ ಸಿಗುವಂಥದ್ದು. ಅದು ಸಾಯುವ ಮೊದಲು ಡ್ಯಾಶ್‌ಬೋರ್ಡ್ ಎಚ್ಚರಿಸುತ್ತದೆ, ನಾವು ನಾಳೆ ಅನ್ನುತ್ತೇವೆ.

ಸತ್ತ ಕೀಯಿಂದಲೂ ಕಾರು ತೆರೆಯಬಹುದು, ಓಡಿಸಲೂಬಹುದು. ಇದು ಎಷ್ಟೋ ಮಾಲೀಕರಿಗೆ ಗೊತ್ತಿಲ್ಲ. ಕೀಯ ಬದಿಯಲ್ಲಿ ಒಂದು ಸಣ್ಣ ಒತ್ತುಗುಂಡಿ ಅಥವಾ ಜಾರುವ ಕೊಂಡಿ ಇರುತ್ತದೆ; ಎಳೆದರೆ ಒಳಗಿಂದ ಲೋಹದ ಚಾವಿ ಹೊರಬರುತ್ತದೆ. ಚಾಲಕನ ಬಾಗಿಲಿನ ಹಿಡಿಯಲ್ಲಿ ಅದರ ತೂತು ಕಾಣದಿದ್ದರೆ, ಹಿಡಿಯ ತುದಿಯ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಅಡಗಿರುತ್ತದೆ. ಹೀಗೆ ತೆರೆದಾಗ ಹಲವು ಕಾರುಗಳು ಕಳ್ಳ ಬಂದನೆಂದು ಕೂಗಲು ಶುರು ಮಾಡುತ್ತವೆ. ಸೊಸೈಟಿಯ ವಾಚ್‌ಮನ್ ಓಡಿ ಬಂದಾನು; ಗಾಬರಿಯಾಗಬೇಡಿ. ಒಳಗೆ ಕೂತು ಬ್ರೇಕ್ ತುಳಿದು, ಕೀಯನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ ಒತ್ತಿ. ಗುಂಡಿಯ ಸುತ್ತಲಿನ ಸುರುಳಿ ಕೀಯೊಳಗಿನ ಚಿಪ್ಪಿಗೆ ತಾನೇ ವಿದ್ಯುತ್ತು ಉಣಿಸಿ ಉತ್ತರ ಹೊರಡಿಸುತ್ತದೆ, ಕೂಗು ನಿಲ್ಲುತ್ತದೆ, ಎಂಜಿನ್ ಏಳುತ್ತದೆ. ಕೆಲವು ಕಾರುಗಳಲ್ಲಿ ಆ ಜಾಗ ಗುಂಡಿಯಲ್ಲ, ಕಪ್ ಇಡುವ ಗೂಡು ಅಥವಾ ಸ್ಟೀರಿಂಗ್ ಕಂಬದ ಬದಿ. ಕೈಪಿಡಿಯಲ್ಲಿ ಬರೆದಿರುತ್ತದೆ.

ಲೋಹದ ಚಾವಿಯನ್ನು ವರ್ಷಕ್ಕೊಮ್ಮೆಯಾದರೂ, ಮೇ ತಿಂಗಳಲ್ಲೇ, ಆ ತೂತಿನಲ್ಲಿ ತಿರುಗಿಸಿ ನೋಡುವುದು ಒಳ್ಳೆಯದು. ಉಪ್ಪುಗಾಳಿಯ ಊರಿನಲ್ಲಿ ಬಳಸದ ಬೀಗ ಹಿಡಿದುಕೊಳ್ಳುತ್ತದೆ. ಮಳೆ ಸುರಿಯುವ ರಾತ್ರಿ, ಗಣಪತಿಗೆಂದು ಊರಿಗೆ ಹೊರಟು, ಹೆದ್ದಾರಿ 66ರಲ್ಲಿ ಕಣಕವಲಿಯ ಆಚೆ ಎಲ್ಲೋ ಚಹಾಕ್ಕೆ ನಿಲ್ಲಿಸಿದಾಗ ಮೊದಲ ಬಾರಿಗೆ ಅದನ್ನು ಹುಡುಕುವುದು ಬೇಡ.

ಇನ್ನೊಂದು ಮಾತು. ಟಿವಿ ಗೋಪುರ, ರೇಡಿಯೊ ಕೇಂದ್ರ, ವಿಮಾನ ನಿಲ್ದಾಣಗಳ ಬಳಿ ಸ್ಮಾರ್ಟ್ ಕೀ ತಡವರಿಸಬಹುದೆಂದು ಕಾರಿನ ಕೈಪಿಡಿಗಳೇ ಎಚ್ಚರಿಸುತ್ತವೆ. ವರಳಿಯ ದೂರದರ್ಶನ ಗೋಪುರದ ನೆರಳಿನಲ್ಲಿ ಕಾರು ನಿಲ್ಲಿಸುವವರು ಕೀ ಕೆಟ್ಟಿತೆಂದು ಸರ್ವಿಸ್ ಸೆಂಟರಿಗೆ ಓಡುವ ಮೊದಲು, ಅದನ್ನು ಹಿಡಿಗೆ ಹತ್ತಿರ ತಂದು ನೋಡಲಿ.

ಬ್ಯಾಟರಿಯೇ ಇಲ್ಲದ ಕಾರ್ಡು

2025ರ ಜುಲೈ 15ರಂದು ಟೆಸ್ಲಾ ಕಂಪನಿ ಭಾರತದ ತನ್ನ ಮೊದಲ ಮಳಿಗೆಯನ್ನು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ತೆರೆಯಿತು. ಅಲ್ಲಿ ಮಾರುವ ಮಾಡೆಲ್ ವೈ ಕಾರಿಗೆ ಲೋಹದ ಚಾವಿಯೂ ಇಲ್ಲ, ಚಾವಿ ಹಾಕುವ ತೂತೂ ಇಲ್ಲ. ಫೋನೇ ಮುಖ್ಯ ಚಾವಿ. ಫೋನಿಲ್ಲದವರಿಗೆಂದು ಜೊತೆಯಲ್ಲಿ ಬರುವುದು ಎಟಿಎಂ ಕಾರ್ಡಿನಷ್ಟು ದೊಡ್ಡ ಎರಡು ಪ್ಲಾಸ್ಟಿಕ್ ಕಾರ್ಡು. ಅದನ್ನು ಚಾಲಕನ ಬಾಗಿಲಿನ ಹಿಂದಿನ ಕಂಬಕ್ಕೆ ಒಂದು ಕ್ಷಣ ತಾಗಿಸಿ ಹಿಡಿಯಬೇಕು. ಬಿವೈಡಿ ಆಟೊ 3 ಕಾರಿನಲ್ಲಿ ಇದೇ ಕೆಲಸಕ್ಕೆ ಹೊರಗನ್ನಡಿಗೆ ಕಾರ್ಡು ತೋರಿಸುತ್ತಾರೆ. ವೋಲ್ವೊ ಇಎಕ್ಸ್30 ಕೂಡ ಕಾರ್ಡಿನ ದಾರಿ ಹಿಡಿದಿದೆ.

ಈ ತಂತ್ರ ಮುಂಬಯಿಗರಿಗೆ ಹೊಸದಲ್ಲ. ವರ್ಸೋವಾ–ಘಾಟ್ಕೋಪರ್ ಮೆಟ್ರೊ ಗೇಟಿನಲ್ಲಿ ತಾಗಿಸುವ ಕಾರ್ಡಿನೊಳಗಿನದೂ 13.56 ಮೆಗಾಹರ್ಟ್ಸ್‌ನ ಇದೇ ಜಾತಿಯ ಚಿಪ್. ಓದುವ ಯಂತ್ರ ಒಂದು ಕ್ಷೇತ್ರ ಹರಡುತ್ತದೆ, ಕಾರ್ಡಿನೊಳಗಿನ ತಾಮ್ರದ ಸುರುಳಿ ಅದರಿಂದಲೇ ವಿದ್ಯುತ್ತು ಪಡೆದು ಚಿಪ್ಪನ್ನು ಎಬ್ಬಿಸುತ್ತದೆ. ಕಾರ್ಡಿಗೆ ತನ್ನದೇ ಬ್ಯಾಟರಿ ಇಲ್ಲ, ಆದ್ದರಿಂದ ಸಾಯುವ ಮಾತೂ ಇಲ್ಲ. ನೆನೆದರೂ ಒರೆಸಿ ಬಳಸಬಹುದು. ನಾಲ್ಕು ಸೆಂಟಿಮೀಟರ್ ಆಚೆ ಹೋದರೆ ಮೂಕ. ನನ್ನ ಲೆಕ್ಕದಲ್ಲಿ ಈ ಊರಿಗೆ ಹೇಳಿಮಾಡಿಸಿದ ವಿಧಾನ ಇದೇ: ಈಜಲು ಹೋಗುವಾಗ ಚಡ್ಡಿಯ ಒಳಜೇಬಿಗೆ, ಮತ ಹಾಕಲು ಹೋಗುವಾಗ ಗುರುತಿನ ಚೀಟಿಯ ಹಿಂದಕ್ಕೆ ಸೇರಿಹೋಗುತ್ತದೆ.

ಆದರೆ ಕಾರ್ಡಿಗೂ ತನ್ನ ಹಟಗಳಿವೆ. ಟೆಸ್ಲಾದಲ್ಲಿ ಬಾಗಿಲು ತೆರೆದ ಮೇಲೆ ಎರಡು ನಿಮಿಷದೊಳಗೆ ಬ್ರೇಕ್ ತುಳಿದರೆ ಗಾಡಿ ಹೊರಡುತ್ತದೆ. ಮಕ್ಕಳನ್ನು ಹತ್ತಿಸಿ, ಚೀಲ ಜೋಡಿಸಿ, ಯಾರಿಗೋ ಉತ್ತರ ಕೊಟ್ಟು ತಡಮಾಡಿದರೆ ಸೀಟುಗಳ ನಡುವಿನ ಕನ್ಸೋಲಿಗೆ ಕಾರ್ಡನ್ನು ಮತ್ತೆ ತಾಗಿಸಬೇಕು. ಎರಡನೆಯ ಅನುಮತಿ ಅಂದೆನಲ್ಲ, ಅದು ಇದು. ಫೋನ್ ಇದ್ದರೆ ನಾವು ದೂರ ನಡೆದಂತೆ ಕಾರು ತಾನೇ ಬೀಗ ಹಾಕಿಕೊಳ್ಳುತ್ತದೆ. ಕಾರ್ಡಿನಲ್ಲಿ ಆ ಸೌಕರ್ಯವಿಲ್ಲ. ಇಳಿದ ಮೇಲೆ ಕಂಬಕ್ಕೆ ತಾಗಿಸಿ ಬೀಗ ಹಾಕಬೇಕು, ಮರೆತರೆ ಕಾರು ತೆರೆದೇ ಇರುತ್ತದೆ. ಪರ್ಸಿನಲ್ಲಿ ಮೆಟ್ರೊ ಕಾರ್ಡು, ಬ್ಯಾಂಕ್ ಕಾರ್ಡು, ಕಾರಿನ ಕಾರ್ಡು ಒಂದರ ಮೇಲೊಂದು ಇದ್ದರೆ ಎಲ್ಲವೂ ಒಮ್ಮೆಲೇ ಉತ್ತರಿಸಲು ಹೋಗಿ ಕಾರಿಗೆ ಏನೂ ತಿಳಿಯದೆ ಹೋಗಬಹುದು. ಬೇರೆಯಾಗಿ ತೆಗೆದು ತೋರಿಸಿ. ಮೊಬೈಲಿನ ಕವರಿನೊಳಗೆ ಕಾರ್ಡು ಸಿಕ್ಕಿಸಿಟ್ಟು ವೈರ್‌ಲೆಸ್ ಚಾರ್ಜರ್ ಮೇಲೆ ಇಡಬೇಡಿ, ಆ ಕ್ಷೇತ್ರದ ಕಾವಿಗೆ ಚಿಪ್ ಸುಟ್ಟುಹೋಗಬಹುದು.

ಕಾರ್ಡನ್ನೂ ದೂರದಿಂದ ದಾಟಿಸಿ ಮೋಸ ಮಾಡಬಹುದೇ? 2022ರಲ್ಲಿ ಐಒಆಕ್ಟಿವ್ ಎಂಬ ಭದ್ರತಾ ಸಂಸ್ಥೆ ಮಾಡೆಲ್ ವೈ ಮೇಲೆ ಇದನ್ನು ಮಾಡಿ ತೋರಿಸಿತು. ಒಬ್ಬ ಕಾರಿನ ಕಂಬದ ಬಳಿ ಯಂತ್ರ ಹಿಡಿದಿರಬೇಕು, ಅದೇ ಹೊತ್ತಿಗೆ ಇನ್ನೊಬ್ಬ ಮಾಲೀಕನ ಜೇಬಿಗೆ ಕೆಲವೇ ಸೆಂಟಿಮೀಟರ್ ಹತ್ತಿರ ಬರಬೇಕು. ಯುರೋಪಿನಲ್ಲಿ ಅಷ್ಟು ಹತ್ತಿರ ಬಂದವನನ್ನು ಯಾರಾದರೂ ದಿಟ್ಟಿಸಿ ನೋಡಿಯಾರು. ಸಂಜೆ ಆರರ ವಿರಾರ್ ಲೋಕಲ್‌ನಲ್ಲಿ ಅದಕ್ಕಿಂತ ದೂರ ನಿಲ್ಲಲು ಜಾಗವೇ ಇರುವುದಿಲ್ಲ. ಹೆದರುವ ಅಗತ್ಯವಿಲ್ಲ, ಮದ್ದು ಕಾರಿನಲ್ಲೇ ಇದೆ. ಟೆಸ್ಲಾದ ಸೆಟ್ಟಿಂಗ್ಸ್‌ನಲ್ಲಿ ‘ಪಿನ್ ಟು ಡ್ರೈವ್’ ಚಾಲೂ ಮಾಡಿದರೆ ಬಾಗಿಲು ತೆರೆದ ಮೇಲೂ ನಾಲ್ಕು ಅಂಕಿ ಒತ್ತದೆ ಗಾಡಿ ಹೊರಡುವುದಿಲ್ಲ. ಬಾಗಿಲಿಗೆ ಕೈಯಲ್ಲಿರುವ ವಸ್ತು, ಓಟಕ್ಕೆ ತಲೆಯಲ್ಲಿರುವ ಅಂಕಿ ಎಂಬ ಈ ಜೋಡಿ ನನಗೆ ತುಂಬ ಹಿಡಿಸಿದೆ. ಎಲ್ಲ ಕಂಪನಿಗಳೂ ಕೊಡಬಾರದೇಕೆ?

ಕಾರಿನದೇ ಸಣ್ಣ ಬ್ಯಾಟರಿ ಸತ್ತರೆ ಕಾರ್ಡಿನಿಂದ ಏನೂ ಆಗದು. ಓದುವ ಯಂತ್ರಕ್ಕೇ ಜೀವ ಇಲ್ಲವಲ್ಲ. ಸಾಮಾನ್ಯ ಕಾರುಗಳಲ್ಲಿ ಆಗ ಲೋಹದ ಚಾವಿ ಕಾಪಾಡುತ್ತದೆ. ಮಾಡೆಲ್ ವೈನಲ್ಲಿ ಮುಂಭಾಗದ ಬಂಪರಿನ ಎಳೆಗೊಕ್ಕೆಯ ಮುಚ್ಚಳ ತೆಗೆದರೆ ಎರಡು ತಂತಿ ಸಿಗುತ್ತವೆ. ಹೊರಗಿನ ಬ್ಯಾಟರಿಯಿಂದ ಅವಕ್ಕೆ ವಿದ್ಯುತ್ತು ಕೊಟ್ಟರೆ ಬಾನೆಟ್ ತೆರೆದುಕೊಳ್ಳುತ್ತದೆ, ಅಲ್ಲಿಂದ ಕಾರಿನ ಸಣ್ಣ ಬ್ಯಾಟರಿಗೆ ಜೀವ ಕೊಡಬೇಕು. ಗ್ಯಾರೇಜಿನ ಹುಡುಗನಿಗೆ ಇದು ಗೊತ್ತಿರುತ್ತದೆಂದು ನಂಬಿ ಕೂರಬೇಡಿ, ನಿಮಗೆ ಗೊತ್ತಿರಲಿ.

ಮಣಿಕಟ್ಟಿನಲ್ಲಿ

ಈಜುಗಾರರಿಗೆಂದೇ ಮಾಡಿದಂತಿರುವ ಚಾವಿಯೊಂದು ಮುಂಬಯಿಯ ಮನೆತನಕ್ಕೇ ಸೇರಿದ್ದು. ಫೋರ್ಟ್‌ನ ಬಾಂಬೆ ಹೌಸ್‌ನಿಂದ ನಡೆಯುವ ಟಾಟಾ ಮೋಟರ್ಸ್ 2008ರಲ್ಲಿ ಫೋರ್ಡ್ ಕಂಪನಿಯಿಂದ ಜಾಗ್ವಾರ್ ಲ್ಯಾಂಡ್ ರೋವರ್ ಅನ್ನು ಕೊಂಡಿತು. ಆಮೇಲೆ ಬಂದ ಜಾಗ್ವಾರ್ ಎಫ್-ಪೇಸ್ ಕಾರಿನ ಜೊತೆ ‘ಆಕ್ಟಿವಿಟಿ ಕೀ’ ಎಂಬ ರಬ್ಬರಿನ ಮಣಿಕಟ್ಟುಪಟ್ಟಿ ಬಂತು. ನೀರು ಹೊಗುವುದಿಲ್ಲ, ಮೊದಲ ಪೀಳಿಗೆಯದಕ್ಕೆ ಬ್ಯಾಟರಿಯೂ ಇಲ್ಲ. ಮಾಮೂಲಿ ಸ್ಮಾರ್ಟ್ ಕೀಯನ್ನು ಕಾರಿನೊಳಗೇ ಬಿಟ್ಟು, ಹಿಂಬಾಗಿಲ ಮೇಲೆ ಬರೆದ ಹೆಸರಿನ ಅಕ್ಷರದ ಬಳಿ ಪಟ್ಟಿಯನ್ನು ಒಡ್ಡಿದರೆ ಕಾರು ಬೀಗ ಹಾಕಿಕೊಳ್ಳುತ್ತದೆ. ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ. ಹೀಗೆ ಬೀಗ ಬಿದ್ದ ಕೂಡಲೇ ಒಳಗಿನ ಸ್ಮಾರ್ಟ್ ಕೀ ನಿಷ್ಕ್ರಿಯವಾಗುತ್ತದೆ. ಗಾಜು ಒಡೆದು ಕೀ ಎತ್ತಿಕೊಂಡವನಿಗೂ ಎಂಜಿನ್ ಏಳುವುದಿಲ್ಲ. ಪಟ್ಟಿ ತೋರಿಸಿ ತೆರೆದ ಮೇಲೆ ಅದೇ ಕೀ ಎಚ್ಚೆತ್ತು ಗಾಡಿ ಚಾಲೂ ಮಾಡುತ್ತದೆ. ವೋಲ್ವೊ ಕೂಡ ದೊಡ್ಡ ಕಾರುಗಳ ಜೊತೆ ಗುಂಡಿಗಳಿಲ್ಲದ, ನೀರು ತಾಳುವ ಸಣ್ಣ ‘ಕೀ ಟ್ಯಾಗ್’ ಕೊಡುತ್ತಿತ್ತು.

ಇವೆಲ್ಲ ಶ್ರೀಮಂತರ ಆಟಿಕೆ ಎನ್ನುವವರಿಗೆ ಸ್ಮಾರ್ಟ್ ವಾಚ್ ಇದೆ. ಇಲ್ಲಿ ಎರಡು ಬಗೆ ಇದ್ದು, ಅಂಗಡಿಯವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಒಂದು ಬಗೆಯಲ್ಲಿ ವಾಚ್ ಬರಿಯ ಆ್ಯಪ್ ಓಡಿಸುತ್ತದೆ. ಆಜ್ಞೆ ಫೋನಿಗೆ ಹೋಗಿ, ಅಲ್ಲಿಂದ ಇಂಟರ್‌ನೆಟ್ಟಿಗೆ, ಅಲ್ಲಿಂದ ಕಾರಿನ ಸಿಮ್‌ಗೆ ಇಳಿಯುತ್ತದೆ. ಫೋನ್ ಮನೆಯಲ್ಲಿದ್ದರೆ, ವಾಚಿಗೆ ಸ್ವಂತ ಸಿಮ್ ಇಲ್ಲದಿದ್ದರೆ, ಅದು ಕೈಗೆ ಕಟ್ಟಿದ ಗಡಿಯಾರ ಮಾತ್ರ. ಇನ್ನೊಂದು ಬಗೆಯಲ್ಲಿ ಚಾವಿಯ ಗುಟ್ಟು ವಾಚಿನ ಒಳಗಿನ ಭದ್ರ ಚಿಪ್ಪಿನಲ್ಲೇ ಇದ್ದು, ಬಾಗಿಲಿನ ಹಿಡಿಗೆ ತಾಗಿಸಿದರೆ, ಕಾರ್ಡಿನ ಹಾಗೆಯೇ, ಎನ್‌ಎಫ್‌ಸಿ ಎಂಬ ಹತ್ತಿರದ ರೇಡಿಯೊ ಮೂಲಕ ನೇರ ಮಾತಾಡುತ್ತದೆ. 2024ರಲ್ಲಿ ಬಂದ ಹೊಸ ಹ್ಯುಂಡೈ ಅಲ್ಕಜಾರ್‌ನ ಡಿಜಿಟಲ್ ಕೀ ಈ ಎರಡನೆಯ ಬಗೆಯದು. ನೆಟ್‌ವರ್ಕ್ ಬೇಡ, ಫೋನೂ ಬೇಡ. ಕೊಳ್ಳುವ ಮೊದಲು ಶೋರೂಮಿನಲ್ಲೇ ಫೋನನ್ನು ಸ್ವಿಚ್ ಆಫ್ ಮಾಡಿ ವಾಚಿನಿಂದ ತೆರೆದು ತೋರಿಸಲು ಹೇಳಿ.

ಇನ್ನೂ ಮುಂದೆ ಹೋದವರಿದ್ದಾರೆ. 2019ರಲ್ಲಿ ಅಮೆರಿಕದ ಟೆಕ್ಸಾಸ್‌ನ ಎಂಜಿನಿಯರ್ ಒಬ್ಬರು ಟೆಸ್ಲಾ ಕಾರ್ಡಿನ ಪ್ಲಾಸ್ಟಿಕ್ಕನ್ನು ಅಸಿಟೋನಿನಲ್ಲಿ ಕರಗಿಸಿ, ಚಿಪ್ಪನ್ನು ತೆಗೆಸಿ, ಮುಂಗೈಯ ಚರ್ಮದೊಳಗೆ ಇಡಿಸಿಕೊಂಡರು. ಕಾರು ಮಾರುವಾಗ ಏನು ಮಾಡುತ್ತಾರೋ!

ತಲೆಯಲ್ಲಿರುವ ಚಾವಿ

ಏನನ್ನೂ ಒಯ್ಯದೆ ತೆರೆಯುವ ವಿಧಾನ ಬಹಳ ಹಳೆಯದು. ಫೋರ್ಡ್ ಕಂಪನಿ 1980ರಲ್ಲೇ ಥಂಡರ್‌ಬರ್ಡ್ ಮೊದಲಾದ ಕಾರುಗಳ ಬಾಗಿಲಿಗೆ ಐದು ಗುಂಡಿಗಳ ಪಟ್ಟಿ ಕೂರಿಸಿತು. ಪ್ರತಿ ಗುಂಡಿಗೂ ಎರಡು ಅಂಕಿ: 1-2, 3-4, 5-6, 7-8, 9-0. ಐದು ಅಂಕಿಯ ಸಂಕೇತ ಒತ್ತಿದರೆ ಬಾಗಿಲು ತೆರೆಯುತ್ತದೆ, ಕೊನೆಯ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಬೀಗ ಬೀಳುತ್ತದೆ. ಐದು ಅಂಕಿ ಎಂದರೆ ಲಕ್ಷ ಸಂಯೋಜನೆ ಅನ್ನಿಸುತ್ತದೆ, ಆದರೆ ಎರಡೆರಡು ಅಂಕಿ ಒಂದೇ ಗುಂಡಿ ಹಂಚಿಕೊಂಡಿರುವುದರಿಂದ ನಿಜಕ್ಕೂ ಇರುವುದು 3,125 ಮಾತ್ರ. ಅದಕ್ಕೇ ಏಳು ಸಲ ತಪ್ಪು ಸಂಕೇತ ಒತ್ತಿದರೆ ಗುಂಡಿಗಳು ಒಂದು ನಿಮಿಷ ಮುಷ್ಕರ ಹೂಡುತ್ತವೆ.

ಅಮೆರಿಕದಲ್ಲಿ ಇದಕ್ಕೆ ಭಕ್ತರೇ ಇದ್ದಾರೆ. ಕೀಯನ್ನು ಕಾರಿನಲ್ಲಿ ಬಿಟ್ಟು, ಬರಿಗೈಯಲ್ಲಿ ಸಮುದ್ರಕ್ಕೆ ಹಾರಿ, ಬಂದು ಸಂಕೇತ ಒತ್ತಿ ಹೋಗುತ್ತಾರೆ. ನಮ್ಮ ರಸ್ತೆಗಳಲ್ಲಿ ಇದು ಕಾಣಸಿಗುವುದು ಅಪರೂಪ. ಕಂಪನಿ ಕೊಡದಿದ್ದರೂ ಜೋಡಿಸಿಕೊಡುವೆ ಎನ್ನುವ ಅಂಗಡಿ ಸಿಕ್ಕರೂ ಎರಡು ಸಲ ಯೋಚಿಸಬೇಕು. ಬಾಗಿಲಿನ ವೈರಿಂಗ್ ಕತ್ತರಿಸಿ ಸೇರಿಸಿದ ಯಾವುದೇ ಪೆಟ್ಟಿಗೆ ಕಂಪನಿಯ ವಾರಂಟಿಗೆ ತಕರಾರು ತರುತ್ತದೆ. ಮೇಲಾಗಿ ಇಲ್ಲಿ ಕಾರಿನ ಪಕ್ಕ ನೀವು ಒಬ್ಬರೇ ಇರುವುದಿಲ್ಲ. ಪಾರ್ಕಿಂಗ್‌ನ ಹುಡುಗ, ಕಾರು ಒರೆಸುವವನು, ಸಿಗ್ನಲಿನಲ್ಲಿ ಗಜರಾ ಮಾರುವವಳು ಎಲ್ಲರೂ ಎರಡಡಿ ಅಂತರದಲ್ಲಿ ಇರುತ್ತಾರೆ. ಅವರು ಕಳ್ಳರಲ್ಲ, ಆದರೆ ನೋಡಿದ್ದು ನೆನಪಿನಲ್ಲಿ ಉಳಿಯುತ್ತದೆ. ಮತ್ತು ಸಂಕೇತ ಕೊಡುವುದು ಮೊದಲ ಅನುಮತಿ ಮಾತ್ರ. ಓಡಿಸಲು ಕೀ ಒಳಗಿರಬೇಕು, ಕೀ ಒಳಗಿದ್ದರೆ ಸಂಕೇತ ತಿಳಿದವನು ಓಡಿಸಿಯೂ ಬಿಡಬಹುದು.

ಬೆರಳು, ಮುಖಗಳ ಮಾತು ಇನ್ನೂ ದೂರದ್ದು. ಹ್ಯುಂಡೈ 2018ರ ಕೊನೆಯಲ್ಲಿ ಚೀನಾಕ್ಕಾಗಿ ಮಾಡಿದ ಸಾಂಟಾ ಫೆ ಕಾರಿಗೆ ಹಿಡಿಯಲ್ಲಿ ಬೆರಳಚ್ಚು ಓದುವ ಯಂತ್ರ ಪ್ರಕಟಿಸಿತು. ಅದೇ ಗುಂಪಿನ ಜೆನೆಸಿಸ್ ಜಿವಿ60 ಬಾಗಿಲ ಕಂಬದಲ್ಲಿ ಕ್ಯಾಮೆರಾ ಇಟ್ಟು, ಇನ್‌ಫ್ರಾರೆಡ್ ಬೆಳಕಿನಲ್ಲಿ ಮಾಲೀಕನ ಮುಖ ಗುರುತಿಸುತ್ತದೆ. ಕೊಳದಿಂದ ಎದ್ದು ಬಂದವರ ಬೆರಳು ಸುಕ್ಕುಗಟ್ಟಿರುತ್ತದೆ, ಆಗಸ್ಟ್ ತಿಂಗಳ ಮಳೆಯಲ್ಲಿ ಕ್ಯಾಮೆರಾದ ಮುಂದೆ ನೀರಿನ ಪರದೆ. ನಾನಂತೂ ಕಾಯುವವರ ಸಾಲಿನಲ್ಲಿದ್ದೇನೆ.

ಬೇರೆಯವರ ಫೋನು

ನಿಮ್ಮ ಬಳಿ ಫೋನಿಲ್ಲದಿದ್ದರೂ ಮನೆಯಲ್ಲಿ ಯಾರದಾದರೂ ಬಳಿ ಇದೆಯಲ್ಲ. 2019ರಲ್ಲಿ ಹ್ಯುಂಡೈ ವೆನ್ಯೂ ಮತ್ತು ಎಂಜಿ ಹೆಕ್ಟರ್ ಬಂದಾಗಿನಿಂದ ಕಾರಿನೊಳಗೇ ಸಿಮ್ ಇರುವುದು ಇಲ್ಲಿ ಮಾಮೂಲಾಗುತ್ತ ಬಂದಿದೆ. ಹೆಂಡತಿಯ ಅಥವಾ ಮಗನ ಫೋನಿನಲ್ಲೂ ಕಾರಿನ ಆ್ಯಪ್ ಹಾಕಿ, ಅವರನ್ನು ಎರಡನೆಯ ಬಳಕೆದಾರರಾಗಿ ಸೇರಿಸಿಡಿ. ಪಾರ್ಕಿಂಗ್ ಹುಡುಗನ ಫೋನಿನಿಂದ ಮನೆಗೆ ಒಂದು ಕರೆ ಮಾಡಿದರೆ, ಬೋರಿವಲಿಯ ಅಡುಗೆಮನೆಯಿಂದ ಕೊಲಾಬಾದ ಕಾರು ತೆರೆದುಕೊಳ್ಳುತ್ತದೆ. ಇದಕ್ಕೆ ಒಂದು ಫೋನ್ ನಂಬರಾದರೂ ಬಾಯಿಪಾಠ ಇರಬೇಕು ಎಂಬುದು ಬೇರೆ ಮಾತು!

ಕಾರಿಗೆ ನೆಟ್‌ವರ್ಕ್ ಸಿಗಬೇಕು ಎಂಬುದೇ ಇಲ್ಲಿನ ಕೊಕ್ಕೆ. ಮಾಲ್‌ನ ಮೂರನೆಯ ನೆಲಮಾಳಿಗೆಯಲ್ಲಿ ನಿಂತ ಕಾರಿಗೆ ಮನೆಯವರ ಆಜ್ಞೆ ತಲುಪುವುದಿಲ್ಲ. ಅಲ್ಲಿ ಕಾರ್ಡು, ಸ್ಮಾರ್ಟ್ ಕೀ, ಲೋಹದ ಚಾವಿ ಮಾತ್ರ ಗಟ್ಟಿ. ಮತ್ತೆ, ಹೀಗೆ ದೂರದಿಂದ ತೆರೆದದ್ದು ಹೆಚ್ಚಿನ ಕಾರುಗಳಲ್ಲಿ ಬಾಗಿಲು ಮಾತ್ರ. ಒಳಗೆ ಮರೆತ ಕೀ ಸಿಕ್ಕರೆ ಪ್ರಯಾಣ ಮುಂದುವರಿದೀತು, ಇಲ್ಲದಿದ್ದರೆ ಎಸಿಯೂ ಇಲ್ಲದೆ ಒಳಗೆ ಕೂತಿರಬೇಕು.

ಒಳಗಿನಿಂದ ತೆರೆಯುವುದು

ಹೊರಗಿನಿಂದ ತೆರೆಯುವ ವಿಧಾನಗಳ ಬಗ್ಗೆಯೇ ಇಷ್ಟು ಹೊತ್ತು ಹೇಳಿದೆ. ಈ ಊರಿನಲ್ಲಿ ಒಳಗಿನಿಂದ ತೆರೆಯುವುದು ಅದಕ್ಕಿಂತ ದೊಡ್ಡ ಪ್ರಶ್ನೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ, ಸತ್ತವರಲ್ಲಿ ಮುಚ್ಚಿದ ಕಾರಿನೊಳಗೆ ಸಿಕ್ಕಿಬಿದ್ದವರೂ ಇದ್ದರು. 2017ರ ಆಗಸ್ಟ್ 29ರ ಮಳೆಯಲ್ಲಿ ಸಾಯನ್ ಬಳಿ ನೀರಿನಲ್ಲಿ ನಿಂತ ಕಾರಿನೊಳಗೆ ಯುವ ವಕೀಲರೊಬ್ಬರು ಉಸಿರುಗಟ್ಟಿ ತೀರಿಕೊಂಡರು.

ಸಾಮಾನ್ಯ ಕಾರುಗಳಲ್ಲಿ ಒಳಹಿಡಿಯ ತಂತಿ ನೇರ ಬೀಗಕ್ಕೆ ಸೇರಿರುತ್ತದೆ. ವಿದ್ಯುತ್ತು ಇಲ್ಲದಿದ್ದರೂ ಹಿಡಿಯನ್ನು ಎರಡು ಸಲ ಎಳೆದರೆ ಮುಂದಿನ ಬಾಗಿಲು ತೆರೆಯುವ ಕಾರುಗಳೇ ಹೆಚ್ಚು. ಬಾಗಿಲನ್ನು ಹೊರಗಿನ ನೀರು ಒತ್ತಿ ಹಿಡಿದಿರುತ್ತದೆ ಎಂಬುದೇ ಕಷ್ಟ, ಆದ್ದರಿಂದ ನೀರು ಬಾಗಿಲಿನ ಕೆಳಅಂಚು ಮುಟ್ಟುವ ಹೊತ್ತಿಗೇ ಗಾಜು ಇಳಿಸಿಬಿಡಬೇಕು. ಆಮೇಲೆ ಮೋಟಾರ್ ಕೈಕೊಡುತ್ತದೆ. ಒಡೆಯಬೇಕಾಗಿ ಬಂದರೆ ಪಕ್ಕದ ಗಾಜಿನ ಮೂಲೆಗೆ ಸುತ್ತಿಗೆ ಬೀಸಬೇಕು. ಮುಂದಿನ ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಅದು ಬಿರುಕು ಬಿಡುತ್ತದೆ, ದಾರಿ ಬಿಡುವುದಿಲ್ಲ. ಸುತ್ತಿಗೆ ಇರಬೇಕಾದದ್ದು ಡಿಕ್ಕಿಯಲ್ಲಲ್ಲ, ಕೈಗೆ ಎಟುಕುವ ಕಡೆ.

ವಿದ್ಯುತ್ ಗುಂಡಿಯಿಂದ ಬಾಗಿಲು ತೆರೆಯುವ ಹೊಸ ಕಾರುಗಳಲ್ಲಿ ಕೈಯಿಂದ ತೆರೆಯುವ ಕೊಂಡಿ ಬೇರೆಯೇ ಇರುತ್ತದೆ. ಮಾಡೆಲ್ ವೈನಲ್ಲಿ ಮುಂದಿನ ಬಾಗಿಲಿನದು ಗಾಜಿನ ಗುಂಡಿಗಳ ಎದುರಿಗೇ ಇದೆ, ಹಿಂದಿನ ಸೀಟಿನವರದು ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಕಾರು ಕೈಗೆ ಬಂದ ದಿನವೇ ಮನೆಯವರನ್ನೆಲ್ಲ ಕೂರಿಸಿ ಹುಡುಕಿಸಿ, ಮಕ್ಕಳಿಂದಲೇ ಎಳೆಸಿ ನೋಡಿ.

ಚಾವಿಗಳ ಲೆಕ್ಕ

ಮುಂಬಯಿಯ ಎಷ್ಟೋ ಸೊಸೈಟಿಗಳಲ್ಲಿ ಕಾರುಗಳನ್ನು ಒಂದರ ಮೇಲೊಂದು ಏರಿಸುವ ಯಾಂತ್ರಿಕ ಪಾರ್ಕಿಂಗ್ ಇದ್ದು, ಚಾವಿಯನ್ನು ಅಲ್ಲಿನ ನೌಕರನ ಬಳಿ ಬಿಡಬೇಕಾಗುತ್ತದೆ. ಹೋಟೆಲಿನಲ್ಲಿ ಕಾರು ನಿಲ್ಲಿಸಿಕೊಡುವ ವ್ಯಾಲೆಯೂ ಹಾಗೆಯೇ. ಇಂಥ ಕಡೆ ಕೊಡಲು ಎರಡನೆಯ ಕಾರ್ಡು ಅಥವಾ ಬೇರೆ ಕೀ ಮೀಸಲಿಡಿ. ವ್ಯಾಲೆ ಮೋಡ್ ಇರುವ ಕಾರಾದರೆ ಅದನ್ನು ಹಾಕಿಯೇ ಇಳಿಯಿರಿ. ವೇಗಕ್ಕೆ ಮಿತಿ ಬೀಳುತ್ತದೆ, ನಿಮ್ಮ ಮನೆಯ ವಿಳಾಸವೂ ಪರದೆಯಲ್ಲಿ ಕಾಣುವುದಿಲ್ಲ.

ಕಾರು ಕಳುವಾಗಿ ಕ್ಲೇಮ್ ಹಾಕಿದಾಗ ವಿಮಾ ಕಂಪನಿ ಮೊದಲು ಕೇಳುವುದು ಮೂಲ ಚಾವಿಗಳನ್ನೆಲ್ಲ. ಒಂದು ಕೀ ಕಾರಿನೊಳಗೇ ಇತ್ತು ಎಂದರೆ ಅಜಾಗರೂಕತೆಯ ಪ್ರಶ್ನೆ ಎದ್ದು ಕ್ಲೇಮ್ ಕೋರ್ಟು ಹತ್ತಬಹುದು. ಕೀಯನ್ನು ಒಳಗೆ ಬಿಟ್ಟು ಪಟ್ಟಿ ಕಟ್ಟಿಕೊಂಡು ಹೋಗುವ ವಿಧಾನಕ್ಕೆ ಮಾರುಹೋದವರು ಪಾಲಿಸಿ ಕೊಳ್ಳುವಾಗಲೇ ಇದನ್ನು ಲಿಖಿತವಾಗಿ ವಿಚಾರಿಸಲಿ. ಚಕ್ರದ ಮೇಲ್ಗಡೆ ಆಯಸ್ಕಾಂತದ ಡಬ್ಬಿಯಲ್ಲಿ ಸ್ಮಾರ್ಟ್ ಕೀ ಅಂಟಿಸಿ ಹೋಗುವ ಹಳೆಯ ಉಪಾಯವನ್ನಂತೂ ಬಿಡಿ. ಬಾಗಿಲಿಗೆ ಅಷ್ಟು ಹತ್ತಿರ ಇದ್ದರೆ ಹಿಡಿ ಮುಟ್ಟಿದ ಯಾರಿಗಾದರೂ ಕಾರು ತೆರೆದುಕೊಳ್ಳುತ್ತದೆ.

ಹಳೆಯ ಕಾರು ಕೊಳ್ಳುವವರು ಕೈಗೆ ಬಂದ ಕೀಗಳನ್ನು ಎಣಿಸಿ ಸುಮ್ಮನಾಗಬಾರದು. ಕಾರಿನ ನೆನಪಿನಲ್ಲಿ ಎಷ್ಟು ಕೀ, ಕಾರ್ಡು, ಫೋನು, ವಾಚು ದಾಖಲಾಗಿವೆ ಎಂಬುದು ಟೆಸ್ಲಾದಂಥ ಕಾರಿನಲ್ಲಿ ಪರದೆಯ ಮೇಲೇ ಕಾಣುತ್ತದೆ, ಉಳಿದವುಗಳಲ್ಲಿ ಸರ್ವಿಸ್ ಸೆಂಟರಿನ ಕಂಪ್ಯೂಟರ್ ತೋರಿಸುತ್ತದೆ. ನಿಮ್ಮ ಕೈಯಲ್ಲಿರುವುದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಅಳಿಸಲು ಹೇಳಿ, ಹಳೆಯ ಮಾಲೀಕರ ಆ್ಯಪ್ ಖಾತೆಯಿಂದ ಕಾರನ್ನು ತೆಗೆಸಿ, ಆಮೇಲೆ ಹಣ ಕೊಡಿ.